ಬಾಗಿಲು ಹೊಸದು, ಗೋಡೆ ಹಳೇದು

ನವರಾತ್ರಿ ಮುಗಿದ ಮೇಲೆ ನಮ್ಮ ಮನೆಯ ಹಿಂದಿನ ಕೋಣೆಗೆ ಹೊಸ ಬಾಗಿಲು ಕೂರಿಸಿದೆವು. ಉಡುಪಿ ಕಡೆಯ ಹಳೇ ಮುರಕಲ್ಲಿನ ಮನೆ. ಗೆದ್ದಲು ತಿಂದ ದಾರಂದ ಕೀಳುವಾಗ ಸುತ್ತಲಿನ ಗಾರೆಯೂ ಉದುರಿತು. ಒಳಗಿನ ಕಲ್ಲು ಮುಟ್ಟಿದರೆ ತಣ್ಣಗೆ, ಒದ್ದೆ. "ಅಕ್ಕ, ಜಿಪ್ಸಮ್ ಬೋರ್ಡ್ ಹೊಡೆದುಬಿಡುವಾ. ಎರಡೇ ದಿನದ ಕೆಲಸ, ಪೇಂಟ್ ಆದ್ಮೇಲೆ ಥಂಡಿ ಇದೆ ಅಂತ ಗೊತ್ತೇ ಆಗುದಿಲ್ಲ" ಅಂದರು ಕಂಟ್ರಾಕ್ಟರ್.

ಗೊತ್ತೇ ಆಗದಿರುವುದೇ ನನಗೆ ಹೆದರಿಕೆ. ಆ ಕೋಣೆಯಲ್ಲಿ ಮಲಗುವವರು ಉಬ್ಬಸ ಇರುವ ನಮ್ಮ ಅತ್ತೆ. ಜಿಪ್ಸಮ್ ಬೋರ್ಡಿನ ಎರಡೂ ಮೈಗೆ ಇರುವುದು ಕಾಗದ. ಹಿಂದಿನಿಂದ ಪಸೆ ಹಿಡಿದರೆ ಆ ಕಾಗದಕ್ಕೆ ಬೂಷ್ಟು ಬರುತ್ತದೆ, ಮುಂದೆ ಬಣ್ಣ ಚೆಂದವಾಗಿಯೇ ಇರುತ್ತದೆ. ಹಸಿರು ಬೋರ್ಡು ಗಾಳಿಯ ತೇವವನ್ನೇನೋ ತಾಳೀತು, ಗೋಡೆಯಿಂದ ಒಸರುವ ನೀರನ್ನಲ್ಲ.

ಮೊದಲು ನೀರು ಎಲ್ಲಿಂದ ಅಂತ ನೋಡಬೇಕಿತ್ತು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಬದಿ ಟೇಪ್ ಅಂಟಿಸಿ 2 ದಿನ ಬಿಟ್ಟೆ. ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ಅದು ಕೋಣೆಯ ಗಾಳಿಯದ್ದು, ಒಳಮೈಯಲ್ಲಿ ಕಂಡರೆ ಗೋಡೆಯದ್ದು. ನಮ್ಮದು ಒಳಮೈ. ಹೊರಗೆ ಹೋಗಿ ನೋಡಿದರೆ ಹೂವಿನ ಪಾತಿಯ ಮಣ್ಣು ವರ್ಷ ವರ್ಷ ಏರಿ ಪಂಚಾಂಗಕ್ಕಿಂತ ಮೇಲೆ ಬಂದು ಗೋಡೆಗೆ ಒರಗಿತ್ತು! ಮುರಕಲ್ಲು ನೀರು ಹೀರುವ ಕಲ್ಲು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಲ್ಲಿ ಇನ್ನೇನಾಗಬೇಕು? ಕೆಳಗಿನ ಸಿಮೆಂಟ್ ಗಾರೆ ಕಲ್ಲನ್ನು ಒಣಗಲು ಬಿಡದೆ ಥಂಡಿಯನ್ನು ಮತ್ತೂ ಮೇಲಕ್ಕೆ ಹತ್ತಿಸಿತ್ತು. ಸಾಲದ್ದಕ್ಕೆ ಹೊಸ್ತಿಲ ಹೊರಗಿನ ಮೆಟ್ಟಿಲು ಒಳಕ್ಕೇ ವಾಲಿತ್ತು.

ಮಣ್ಣು ತೆಗೆಸಿ, ಮೆಟ್ಟಿಲಿಗೆ ಹೊರಗಡೆ ಇಳಿಜಾರು ಕೊಡಿಸಿದೆವು. ದಾರಂದಕ್ಕೂ ಕಲ್ಲಿಗೂ ನಡುವಿನ ಸಂದು ಮುಚ್ಚಿಸಿ, ಗಾರೆಯನ್ನು ಮೂರು ಅಡಿ ಎತ್ತರದವರೆಗೆ ಕೆತ್ತಿಸಿ ಬಿಟ್ಟೆವು. ಆಮೇಲೆ ಕಾಯುವುದು. ಅದೇ ಕಷ್ಟದ್ದು. ಅತ್ತೆ ಶಿವರಾತ್ರಿವರೆಗೂ ಹಾಲ್‌ನಲ್ಲಿ ಮಲಗಿದರು. ಬಂದವರೆದುರು "ನನ್ನ ಕೋಣೆಗೆ ಚರ್ಮ ಸುಲಿದಿದ್ದಾರೆ ಮಾರಾಯ್ರೆ" ಅನ್ನೋರು. ಮನೆಯಲ್ಲಿ ಒಂದೆರಡು ಮಾತೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಕಲ್ಲು ಬಿಳಿಚಿಕೊಂಡು ಒಣಗಿದ ಮೇಲೆ ಮೇಲೆದ್ದ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆದರು. ನೀರು ಹಾಕಿ ತೊಳೆದರೆ ಉಪ್ಪು ಪುನಃ ಒಳಗೇ ಹೋಗುತ್ತದೆ. ಬಾಗಿಲ ಸುತ್ತ ಸುಣ್ಣದ ಗಾರೆ ಮಾಡಿಸಿದೆವು. ಬೋರ್ಡು ಬಂದದ್ದು ಲಿಂಟಲ್ ಮೇಲೆ, ವೈರಿಂಗ್ ಮುಚ್ಚಲಿಕ್ಕೆ ಮಾತ್ರ. ಕಂಟ್ರಾಕ್ಟರಿಗೆ ಅಷ್ಟು ಖುಷಿಯಾಗಲಿಲ್ಲ.

ಈ ಮಳೆಗಾಲದಲ್ಲಿ ಅತ್ತೆ ಅಲ್ಲೇ ಮಲಗುತ್ತಿದ್ದಾರೆ. ಎಡಬದಿಯಲ್ಲಿ ಅಂಗೈಯಗಲ ಜಾಗ ಇನ್ನೂ ತುಸು ತಣ್ಣಗಿದೆ. ಅಲ್ಲಿಗೆ ಕಪಾಟು ತಾಗಿಸಬೇಡಿ ಅಂದಿದ್ದೇನೆ. ಅವರು ಪಕ್ಕದಲ್ಲಿ ತಮ್ಮ ಕುರ್ಚಿ ಹಾಕಿಕೊಂಡು, ದಿನಾ ಬೆಳಿಗ್ಗೆ ಮುಟ್ಟಿ ನೋಡಿ ನನಗೆ ವರದಿ ಕೊಡುತ್ತಾರೆ.