ಮೆಣಸಗಿಯ ಎರೆಹೊಲವೇ ನಮ್ಮ ರನ್‌ವೇ

ಬೆಂಗಳೂರಿನಲ್ಲಿ ಆರ್‌ಸಿ ವಿಮಾನದ ಸಾಮಾನೆಲ್ಲ ಸಿಗುತ್ತೆ, ಹಾರಿಸೋಕೆ ಜಾಗ ಮಾತ್ರ ಸುಲಭಕ್ಕೆ ಸಿಗಲ್ಲ. ಹಾಗಾಗಿ ರಜೆ ಬಂದರೆ ನನ್ನ ವಿಮಾನವೂ ರೋಣ ತಾಲ್ಲೂಕಿನ ಮೆಣಸಗಿಗೆ ಹೊರಡುತ್ತೆ.

ಫೋಮ್ ಬೋರ್ಡ್ ಕತ್ತರಿಸಿ ಅಂಟಿಸಿದ ಒಂದು ಮೀಟರ್ ರೆಕ್ಕೆ, 2212 ಬ್ರಶ್‌ಲೆಸ್ ಮೋಟರ್, 3 ಸೆಲ್ ಲಿಪೋ ಬ್ಯಾಟರಿ, ನಾಲ್ಕು ಪುಟ್ಟ ಸರ್ವೋ. ಇಷ್ಟೇ ವಿಮಾನ. ರೆಕ್ಕೆಯ ಅಗಲದಲ್ಲಿ ಮುಂದಿನಿಂದ ಕಾಲು ಭಾಗದ ಹತ್ತಿರ ಎರಡು ಬೆರಳಿಟ್ಟು ಎತ್ತಿದರೆ ಸಮವಾಗಿ ನಿಲ್ಲಬೇಕು. ಬಾಲ ಭಾರವಾದರೆ ಬ್ಯಾಟರಿಯನ್ನು ಮುಂದೆ ಸರಿಸಬೇಕು.

ಯಾವಾಗ ಹಾರಿಸಬೇಕು ಅನ್ನೋದನ್ನು ಇಲ್ಲಿ ಬೆಳೆ ನಿರ್ಧರಿಸುತ್ತೆ. ಮಲಪ್ರಭೆ ದಂಡೆಯ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ನಿಂತ ಪೈರಿನಲ್ಲಿ ವಿಮಾನ ಬಿದ್ದರೆ ಹುಡುಕೋಕೆ ಒಳಗೆ ನುಗ್ಗಬೇಕು. ನಮಗದು ಒಂದಿಷ್ಟು ಫೋಮು, ಹೊಲದವರಿಗೆ ವರ್ಷದ ದುಡಿಮೆ. ‘ರಾಶಿ ಆಗ್ಲಿ ತಮ್ಮಾ, ಆಮ್ಯಾಲೆ ಎಷ್ಟರ ಹಾರ್ಸು’ ಅಂತಾರೆ ಪಕ್ಕದ ಹೊಲದ ಕಾಕಾ.

ಕಡಲೆ ರಾಶಿ ಮುಗಿದರೆ ಕಣ್ಣು ಹಾಯಿಸಿದಷ್ಟೂ ಬಯಲು. ಎರೆ ಬಿರುಕಿನಲ್ಲಿ ಪುಟ್ಟ ಚಕ್ರ ಸಿಕ್ಕಿಕೊಳ್ಳುತ್ತೆ, ಅದಕ್ಕೇ ಚಕ್ರ ಬಿಚ್ಚಿಡ್ತೀವಿ. ಗಾಳಿಗೆ ಎದುರಾಗಿ ಕೈಯಿಂದ ಎಸೆಯೋದು, ಹೊಟ್ಟೆಯ ಮೇಲೆ ಇಳಿಸೋದು. ಬಿಸಿಲೇರಿ ಗಾಳಿ ಏಳೋ ಮುಂಚೆ, ಬೆಳಗ್ಗೆಯೇ ಒಳ್ಳೇದು. 2021ರ ಡ್ರೋನ್ ನಿಯಮಗಳ ಪ್ರಕಾರ ಮಾದರಿ ವಿಮಾನ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಇರಬೇಕು.

ನಿಮ್ಮೂರಲ್ಲೂ ಹಾರಿಸೋದಾದರೆ ಮೊದಲು ಕರೆಂಟ್ ತಂತಿ ಎಲ್ಲಿದೆ ನೋಡಿ, ಹೊಲದವರನ್ನು ಕೇಳಿ. ಆಮೇಲೆ ಥ್ರಾಟಲ್.