ಸಫ್‌ನಲ್ಲಿ ಒಂದು ಕುರ್ಚಿ

"ಅಬ್ಬಾ, ಆಪರೇಶನ್ ಆದ ಮೇಲೆ ನಾನು ಎಲ್ಲರ ಹಾಗೆ ನಿಂತು ನಮಾಝ್ ಮಾಡಬಹುದಾ?"

ಮದ್ರಸದಿಂದ ಬಂದ ಮಗ ಹೀಗೆ ಕೇಳಿದಾಗ ಅವನಿಗೆ 9 ವರ್ಷ. ನಾನು "ಇನ್‌ಶಾ ಅಲ್ಲಾಹ್" ಎಂದೆ. ಉತ್ತರ ತಿಳಿಯದಿದ್ದಾಗ ಆ ಪವಿತ್ರ ಮಾತಿನ ಹಿಂದೆ ಅವಿತುಕೊಳ್ಳುವ ಅಭ್ಯಾಸ ನನಗೂ ಇದೆ.

ಅವನು ಅವಧಿಗೆ ಮುನ್ನ ಹುಟ್ಟಿದ ಮಗು, ಸೆರೆಬ್ರಲ್ ಪಾಲ್ಸಿ. ಮೆದುಳಿಗಾದ ಹಾನಿ ದಿನಕಳೆದಂತೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆದಂತೆ ಮೂಳೆ ಉದ್ದವಾಗುತ್ತದೆ, ಸದಾ ಬಿಗಿದಿರುವ ಸ್ನಾಯು ಅದಕ್ಕೆ ಸರಿಸಮನಾಗಿ ಬೆಳೆಯಲಾರದು. ಹಿಮ್ಮಡಿ ಮೇಲೇಳುತ್ತದೆ, ಮೊಣಕಾಲು ಬಾಗುತ್ತದೆ, ತೊಡೆಯ ಮೂಳೆ ಒಳಮುಖವಾಗಿ ತಿರುಚಿಕೊಂಡೇ ಉಳಿಯುತ್ತದೆ.

ಅವನ 4ನೇ ವಯಸ್ಸಿನಲ್ಲಿ ಒಂದು ಆಸ್ಪತ್ರೆಯವರು ಹಿಮ್ಮಡಿಯ ಸ್ನಾಯುರಜ್ಜುವನ್ನು ಮಾತ್ರ ಉದ್ದಗೊಳಿಸಿದ್ದರು. ಹಿಮ್ಮಡಿ ನೆಲ ಮುಟ್ಟಿತು, ನಾವು ಸಿಹಿ ಹಂಚಿದೆವು. ಕೆಲವು ವರ್ಷಗಳಲ್ಲಿ ಅವನು ಮೊಣಕಾಲು ಮಡಚಿ, ಕುಸಿದು ಕುಸಿದು ನಡೆಯತೊಡಗಿದ. ಮೀನಖಂಡದ ಸ್ನಾಯು ಮಿತಿಮೀರಿ ಸಡಿಲವಾದರೆ ಕಣಕಾಲನ್ನು ಹಿಂದಕ್ಕೆ ಹಿಡಿದಿಡುವ ಬಲ ತಪ್ಪುತ್ತದೆ ಎಂದು ನಂತರದ ವೈದ್ಯರು ವಿವರಿಸಿದರು. ಸೊಂಟ, ಮೊಣಕಾಲು, ಪಾದಗಳನ್ನು ಒಟ್ಟಿಗೆ ನೋಡಬೇಕು, ನಡಿಗೆಯನ್ನು ಚಿತ್ರೀಕರಿಸಿ ಅಧ್ಯಯನ ಮಾಡಬೇಕು, ಬೇಕಾದ ಎಲ್ಲವನ್ನೂ ಸಾಧ್ಯವಾದಷ್ಟು ಒಂದೇ ಬಾರಿಗೆ ಸರಿಪಡಿಸಬೇಕು ಎಂದರು. ಹಿಂದೆ ಇಂತಹ ಮಕ್ಕಳಿಗೆ ವರ್ಷಕ್ಕೊಂದರಂತೆ ಶಸ್ತ್ರಚಿಕಿತ್ಸೆಗಳು ನಡೆಯುತ್ತಿದ್ದವು. ಮೂಳೆತಜ್ಞ ಮರ್ಸರ್ ರ‍್ಯಾಂಗ್ ಅದನ್ನು ಹುಟ್ಟುಹಬ್ಬದ ಕಾಯಿಲೆ ಎಂದು ಕರೆದಿದ್ದರಂತೆ. ಪ್ರತಿ ಹುಟ್ಟುಹಬ್ಬವೂ ಆಸ್ಪತ್ರೆಯಲ್ಲೇ!

"ಮೆದುಳನ್ನು ನಾನು ಮುಟ್ಟುವುದಿಲ್ಲ. ನಡಿಗೆಯನ್ನು ಸ್ವಲ್ಪ ಸುಲಭಗೊಳಿಸಬಲ್ಲೆ, ಅಷ್ಟೇ" ಎಂದೂ ಅವರು ಹೇಳಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.

ಬಂಧುಗಳಲ್ಲಿ ಕೆಲವರು, ಅಲ್ಲಾಹನು ಕೊಟ್ಟದ್ದು, ಸಹನೆ ವಹಿಸಿ ಎಂದರು. ಚಿಕಿತ್ಸೆ ಪಡೆಯಲು ಪ್ರವಾದಿ(ಸ)ರವರೇ ಆದೇಶಿಸಿರುವಾಗ ಚಿಕಿತ್ಸೆಗೆ ಎದುರಾಗಿ ಸಹನೆಯನ್ನು ನಿಲ್ಲಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ನಿಜವಾಗಿ ಸಹನೆ ಬೇಕಾದದ್ದು ಶಸ್ತ್ರಚಿಕಿತ್ಸೆಯ ನಂತರ. ಪ್ಲಾಸ್ಟರ್ ಬಿಚ್ಚಿದಾಗ ಕಾಲುಗಳು ನೇರವಾಗಿದ್ದವು, ಆದರೆ ಬಲವಿರಲಿಲ್ಲ. ದಿನವೂ ಫಿಸಿಯೋಥೆರಪಿ, ದಿನವೂ ಅಳು. ಸ್ನಾಯುಗಳು ಹಿಂದಿನ ಶಕ್ತಿಗೆ ಮರಳಲು ತಿಂಗಳುಗಳೇ ಬೇಕು, ಪೂರ್ಣ ಫಲ ಕಾಣಲು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ ಎಂಬುದು ಮೊದಲೇ ತಿಳಿದಿತ್ತು. ಆದರೂ ಒಂದು ರಾತ್ರಿ ಅವನು, "ಮೊದಲು ಗೋಡೆ ಹಿಡಿದು ನಡೆಯುತ್ತಿದ್ದೆನಲ್ಲ ಅಬ್ಬಾ, ಯಾಕೆ ಮಾಡಿಸಿದಿರಿ?" ಎಂದಾಗ ನನ್ನಲ್ಲಿ ಮಾತಿರಲಿಲ್ಲ.

ಅಂದು ತಹಜ್ಜುದ್‌ನಲ್ಲಿ ನನ್ನ ದುಆವನ್ನೇ ಪರೀಕ್ಷಿಸಿಕೊಂಡೆ. ಇಮ್ರಾನ್ ಬಿನ್ ಹುಸೈನ್(ರ)ರವರು ಅನಾರೋಗ್ಯದಲ್ಲಿದ್ದಾಗ, ನಿಂತು ನಮಾಝ್ ಮಾಡಿರಿ, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಪಕ್ಕಕ್ಕೆ ಮಲಗಿ ಎಂದು ಪ್ರವಾದಿ(ಸ)ರವರು ಕಲಿಸಿಕೊಟ್ಟರು. ಇದನ್ನು ಮಗನಿಗೆ ಎಷ್ಟೋ ಸಲ ಹೇಳಿದ್ದೆ. ಆದರೆ ಒಳಗೊಳಗೇ, ಕುಳಿತು ಮಾಡುವ ಅವನ ನಮಾಝನ್ನು ಕಡಿಮೆ ಎಂದೇ ಎಣಿಸಿದ್ದೆ. ಅವನ ನೋವು ಕಡಿಮೆಯಾಗಲೆಂದು ಬೇಡಿದ್ದಕ್ಕಿಂತ ಹೆಚ್ಚಾಗಿ, ಸಫ್‌ನಲ್ಲಿ ಅವನು ಇತರರಂತೆ ಕಾಣಲಿ ಎಂದು ಬೇಡಿದ್ದೆ. ಅದು ನನ್ನ ಸಂಕೋಚದ ದುಆ ಆಗಿತ್ತು.

ಮರುದಿನ ಅವನ ಮುಂದೆ ಕುಳಿತು, "ನೀನು ನಿಂತೇ ತೀರಬೇಕೆಂದು ಅಬ್ಬ ಆಸೆಪಟ್ಟದ್ದು ತಪ್ಪು" ಎಂದೆ. ಅವನಿಗೆ ಅರ್ಥವಾಯಿತೋ ಇಲ್ಲವೋ, ವ್ಯಾಯಾಮದ ರಬ್ಬರ್ ಪಟ್ಟಿ ಕೊಡಿ ಎಂದು ಕೈಚಾಚಿದ.

ಈಗ ಒಂದೂವರೆ ವರ್ಷವಾಗಿದೆ. ಸ್ಪ್ಲಿಂಟ್ ಧರಿಸಿ, ವಾಕರ್ ಹಿಡಿದು ಮಸೀದಿಯವರೆಗೆ ನಡೆಯುತ್ತಾನೆ. ದಾರಿಯಲ್ಲಿ ಮೊದಲಿನಷ್ಟು ದಣಿಯುವುದಿಲ್ಲ. ಉಸ್ತಾದರು ಸಫ್‌ನಲ್ಲೇ ಅವನಿಗೊಂದು ಕುರ್ಚಿ ಇರಿಸಿದ್ದಾರೆ. ಕಳೆದ ಶುಕ್ರವಾರ ಮೊದಲ ರಕಅತ್‌ನಲ್ಲಿ ಅವನು ಕುರ್ಚಿಯ ಬೆನ್ನು ಹಿಡಿದು ನಿಂತ. ಎರಡನೆಯದರಲ್ಲಿ ಕಾಲು ನಡುಗಿತೇನೋ, ಕುಳಿತುಕೊಂಡ. ಸಲಾಮ್ ಹೇಳಲು ಮುಖ ತಿರುಗಿಸಿದಾಗ ನನ್ನನ್ನು ನೋಡಿ ನಕ್ಕ.