ಭಿನ್ನರಾಶಿಯ ಗೆರೆ

ಕಪ್ಪುಹಲಗೆಯ ಮೇಲೆ ಭಿನ್ನರಾಶಿ ಬರೆಯುವುದೇನು ಮಹಾ ಕೆಲಸ? ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಮೇಲೆ ಅಂಶ, ಕೆಳಗೆ ಛೇದ ಬರೆದರೆ ಮುಗಿಯಿತು. ಅದೇ ಗೆರೆಯನ್ನು ಅಂತರಜಾಲದ ಪುಟದಲ್ಲಿ ಕೂರಿಸಲು ಜಗತ್ತಿನ ಜಾಣರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರೆಂದರೆ ನೀವು ನಂಬುತ್ತೀರಾ?

ನಿವೃತ್ತಿಯಾದ ಮೇಲೆ ಹತ್ತನೇ ತರಗತಿಯ ಬೀಜಗಣಿತವನ್ನು ಜಾಲತಾಣದಲ್ಲಿ ಹಾಕಲು ಹೊರಟಾಗ ನನಗಿದು ತಿಳಿಯಿತು. ಮಾತಿನ ಅಕ್ಷರಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಸೂತ್ರ ಹಾಗಲ್ಲ, ಅದು ಕೂಡುಕುಟುಂಬ. ಒಬ್ಬರು ಅಟ್ಟದ ಮೇಲೆ, ಒಬ್ಬರು ಕೆಳಗೆ, ವರ್ಗಮೂಲದ ಚಪ್ಪರದಡಿ ಇನ್ನಷ್ಟು ಜನ.

ತಮಾಷೆ ನೋಡಿ. ಈ ಜಾಲ ಹುಟ್ಟಿದ್ದೇ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆಯಲ್ಲಿ, 1989ರಲ್ಲಿ ಟಿಮ್ ಬರ್ನರ್ಸ್-ಲೀ ಮುಂದಿಟ್ಟ ಯೋಜನೆಯಿಂದ. ಸೂತ್ರವೇ ಉಸಿರಾದ ಮನೆಯ ಕೂಸಿಗೆ ಸೂತ್ರ ಬರೆಯಲು ಬರುತ್ತಿರಲಿಲ್ಲ!

ಸುಲಭದ ದಾರಿಯೆಂದರೆ ಸೂತ್ರದ ಚಿತ್ರ ಅಂಟಿಸಿಬಿಡುವುದು. ಎಲ್ಲ ಫೋನಿನಲ್ಲೂ ಕಾಣುತ್ತದೆ. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕಣ್ಣು ಕಾಣಿಸದು. ಫೋನು ಓದಿ ಹೇಳಿದ್ದನ್ನು ಕೇಳಿಯೇ ಕಲಿಯುತ್ತಾಳೆ. ಅವಳ ಫೋನು "ಚಿತ್ರ" ಎಂದಷ್ಟೇ ಹೇಳಿ ಮುಂದೆ ಹೋಯಿತು. ಚಿತ್ರದ ಬೆನ್ನಿಗೆ ವಿವರಣೆ ಬರೆದಿಡಬಹುದು, ನಿಜ. ಪುಟಕ್ಕೆ ಮೂವತ್ತು ಸೂತ್ರವಿದ್ದರೆ ಬರೆಯುವ ಕೈ ಸೋಲುತ್ತದೆ.

ಎರಡನೆಯದು ಮ್ಯಾಥ್‌ಜಾಕ್ಸ್, ಕೇಟೆಕ್‌ನಂಥ ಸಲಕರಣೆಗಳು. ಡೊನಾಲ್ಡ್ ಕ್ನೂತ್ ಅವರು ತಮ್ಮ ಪುಸ್ತಕದ ಅಚ್ಚು ಹಿಡಿಸದೆ 1977ರಲ್ಲಿ ಕಟ್ಟತೊಡಗಿದ ಟೆಕ್‌ನ ಬರವಣಿಗೆಯನ್ನೇ ಇವು ಪರದೆಗೆ ತರುತ್ತವೆ. ಅಂದವೇನೋ ಅಂದ. ಆದರೆ ಸೂತ್ರಕ್ಕೆ ಮೊದಲು ಸಲಕರಣೆಯೇ ಇಳಿದು ಬರಬೇಕು. ಸಿಗ್ನಲ್ ಸರಿಯಿಲ್ಲದ ಊರಿನ ಹುಡುಗಿಗೆ ಅಷ್ಟು ಹೊತ್ತು ಡಾಲರ್ ಚಿಹ್ನೆ, ಓರೆಗೆರೆಗಳ ಚಿತ್ರಾನ್ನ.

ಮೂರನೆಯದು ಮ್ಯಾಥ್‌ಎಂಎಲ್. ಸೂತ್ರ ಬರೆಯಲೆಂದೇ 1998ರಲ್ಲಿ ಒಪ್ಪಿತವಾದ ಗುರುತುಭಾಷೆ. ಪುಟ ಹಗುರ, ಓದಿ ಹೇಳುವ ಫೋನಿಗೂ ಅರ್ಥ ಸಿಗುತ್ತದೆ. ಆದರೆ ಕ್ರೋಮ್‌ಗೆ ಇದು ಸರಿಯಾಗಿ ಒಗ್ಗಿದ್ದು 2023ರ ಜನವರಿಯಲ್ಲಿ! ಅದಕ್ಕೂ ಹಳೆಯ ಕ್ರೋಮ್ ಉಳಿದ ಫೋನಿನಲ್ಲಿ ಗೆರೆ ಮಾಯವಾಗಿ ಕುಟುಂಬವೆಲ್ಲ ಒಂದೇ ಸಾಲಿಗೆ ಬೀಳುತ್ತದೆ.

ನಾನು ಮೂರನೆಯದನ್ನೇ ಆರಿಸಿದೆ. ಅಂದ ತುಸು ಕಡಿಮೆಯಾಯಿತು. ಮುಖ್ಯ ಸೂತ್ರಗಳ ಕೆಳಗೆ ಒಂದು ವಾಕ್ಯವನ್ನೂ ಬರೆದೆ. "ಎ ಪ್ಲಸ್ ಬಿ ಬೈ ಸಿ" ಎಂದರೆ ಸಿ ಭಾಗಿಸುವುದು ಬಿಯನ್ನು ಮಾತ್ರವೋ, ಎರಡರ ಮೊತ್ತವನ್ನೋ? ಗೆರೆ ಕಾಣದವರಿಗೆ ಹೇಗೆ ಗೊತ್ತಾಗಬೇಕು? "ಎ ಮತ್ತು ಬಿಗಳ ಮೊತ್ತವನ್ನು ಸಿಯಿಂದ ಭಾಗಿಸಿ" ಎಂದರೆ ಗೊಂದಲವಿಲ್ಲ. ಹಳೆಯ ಫೋನಿನವರಿಗೂ ಅದೇ ವಾಕ್ಯ ಆಸರೆ.

ಕೆಲಸ ಇಮ್ಮಡಿಯಾಯಿತೆಂದು ಮನೆಯವರು ನಗುತ್ತಾರೆ. ಪಂಕ್ತಿಯಲ್ಲಿ ಕೊನೆಗೆ ಕೂತವರಿಗೂ ಪಾಯಸ ಮುಟ್ಟಬೇಕೆಂದರೆ ಬಡಿಸುವವರು ಎರಡು ಸುತ್ತು ಹೆಚ್ಚು ತಿರುಗಬೇಕಾಗುತ್ತದೆ, ಅಲ್ಲವೇ?